ಎರಡು ರಾಜ್ಯಗಳ ಲೆಫ್ಟ್ ಬ್ಯಾಕ್

ನಾನು ಯಾವ ರಾಜ್ಯದವನೆಂದು ತೀರ್ಮಾನಿಸಿ ಹೇಳಲು ನನಗೆ ಎಂಟು ದಿನಗಳ ಅವಕಾಶ ಸಿಕ್ಕಿತ್ತು. ಆಗ ನನಗೆ ಹದಿನೆಂಟು ವರ್ಷ. ಪುತ್ತೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜಿನ ಮೊದಲ ವರ್ಷದಲ್ಲಿ ಓದುತ್ತಿದ್ದೆ. ಫುಟ್‌ಬಾಲಿನಲ್ಲಿ ಲೆಫ್ಟ್ ಬ್ಯಾಕ್.

ರಾಜ್ಯಗಳ ಪುನರ್ವಿಂಗಡಣೆಯಾಗಿ ನಾಲ್ಕು ವರ್ಷವಾಗುತ್ತಾ ಬಂದಿತ್ತು. ಅದಕ್ಕೆ ಮೊದಲು ನಾವೆಲ್ಲರೂ ಮದ್ರಾಸು ರಾಜ್ಯದವರು. ಐವತ್ತಾರರ ನವೆಂಬರ್ ಒಂದರಂದು ಪುತ್ತೂರು, ಸುಳ್ಯ, ಕಡಬದ ಕಡೆಯವರು ಮೈಸೂರು ರಾಜ್ಯಕ್ಕೆ ಸೇರಿದೆವು. ಕಾಸರಗೋಡಿನವರು ಕೇರಳಕ್ಕೆ ಸೇರಿದರು. ನನ್ನ ತಂದೆಯ ಮನೆ ಅಜ್ಜಾವರದಲ್ಲಿ. ತಾಯಿಯ ಮನೆ ಅಲ್ಲಿಂದ ಒಂದೂವರೆ ಗಂಟೆಯ ನಡಿಗೆಯ ದೂರದಲ್ಲಿ, ಗುಡ್ಡದ ಆಚೆಗೆ, ಕಾಸರಗೋಡು ತಾಲೂಕಿನಲ್ಲಿ. ಗುಡ್ಡದ ನೆತ್ತಿಯಲ್ಲಿ ಒಂದು ಸರ್ವೆ ಕಲ್ಲು ಇತ್ತು. ಹುಲ್ಲು ಕೊಯ್ಯುವ ಹೆಂಗಸರು ಹುಲ್ಲಿನ ಕಟ್ಟನ್ನು ಅದರ ಮೇಲಿಟ್ಟು ದಣಿವಾರಿಸಿಕೊಳ್ಳುತ್ತಿದ್ದರು. ರಾಜ್ಯಗಳ ಗಡಿಯ ಬಗ್ಗೆ ನನಗಿದ್ದ ತಿಳಿವಳಿಕೆ ಅಷ್ಟೇ.

ಹನ್ನೆರಡನೆಯ ವಯಸ್ಸಿಗೆ ನನ್ನನ್ನು ಪುತ್ತೂರಿನ ಹಾಸ್ಟೆಲಿಗೆ ಸೇರಿಸಿದ್ದರು. ಹೈಸ್ಕೂಲಿನ ಡ್ರಿಲ್ ಮಾಸ್ಟರರೇ ಅಲ್ಲಿಯ ವಾರ್ಡನ್. ಬೆಳಿಗ್ಗೆ ಐದಕ್ಕೆ ಗಂಟೆ. ಐದೂಕಾಲಿಗೆ ಬಾವಿಕಟ್ಟೆ. ಐದೂವರೆಯಿಂದ ಏಳರವರೆಗೆ ಓದು. ಏಳಕ್ಕೆ ಗಂಜಿ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಆಟ, ಏಳಕ್ಕೆ ಪುನಃ ಓದಿನ ಗಂಟೆ. ಹಾಸಿಗೆಯನ್ನು ಸುತ್ತಿ ಗೋಡೆಗೆ ಒರಗಿಸುವಾಗ ಚಾಪೆಯ ಅಂಚು ಹೊರಗೆ ಕಾಣಬಾರದು. ಕೆಲವು ಹುಡುಗರು ಇದನ್ನು ಜೈಲು ಎನ್ನುತ್ತಿದ್ದರು. ನನಗೆ ಮೊದಲ ವಾರದಲ್ಲೇ ಹಿಡಿಸಿತು. ಮುಂದಿನ ಗಂಟೆಗೆ ಏನು ಮಾಡಬೇಕೆಂದು ಗೊತ್ತಿದ್ದರೆ ಮನಸ್ಸು ಹಗುರವಾಗಿರುತ್ತದೆ.

ಆಟವನ್ನೂ ಮಾಸ್ಟರು ಅದೇ ರೀತಿಯಲ್ಲಿ ಕಲಿಸಿದರು. ಚರ್ಮದ ಚೆಂಡು, ಒಳಗಿನ ಬ್ಲಾಡರಿಗೆ ಗಾಳಿ ಹಾಕಿ, ಬಾಯಿಯನ್ನು ದಾರದಿಂದ ಬಿಗಿಯಬೇಕು. ದಾರದ ಗಂಟು ಮೇಲೆ ಉಳಿದಿದ್ದರೆ ತಲೆಗೆ ತಾಗಿ ಗಾಯವಾಗುತ್ತಿತ್ತು. ಆದ್ದರಿಂದ ಪ್ರತಿ ಆಟಕ್ಕೆ ಮೊದಲು ಅವರು ಗಂಟಿನ ಮೇಲೆ ಹೆಬ್ಬೆರಳು ಆಡಿಸಿ ನೋಡುತ್ತಿದ್ದರು. ನಮ್ಮಲ್ಲಿ ಫುಟ್‌ಬಾಲ್ ಎಂದರೆ ಮಳೆಗಾಲದ ಆಟ. ನೀರು ಕುಡಿದ ಚೆಂಡು ಹಲಸಿನಕಾಯಿಯಷ್ಟು ಭಾರವಾಗುತ್ತಿತ್ತು. ಅದನ್ನು ಬರಿಗಾಲಿನಲ್ಲಿ ಮೈದಾನದ ಅರ್ಧಕ್ಕೆ ದಾಟಿಸಬಲ್ಲವರು ನಮ್ಮಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬ ನಮ್ಮ ಸೆಂಟರ್ ಫಾರ್ವರ್ಡ್, ಪುತ್ತೂರು ಬಳಿಯ ಸವಣೂರಿನ ಬ್ಯಾರಿ ಮುಸ್ಲಿಂ ಹುಡುಗ, ನನ್ನ ಹಾಸಿಗೆಯ ಪಕ್ಕದವನು.

ಆ ವರ್ಷ ಆಗಸ್ಟಿನಲ್ಲಿ ಕಡಬದಲ್ಲಿ ಒಂದು ಪಂದ್ಯವಿತ್ತು. ಬಸ್ಸು ದಾರಿಯಲ್ಲಿ ಕೆಟ್ಟುಹೋದ್ದರಿಂದ ಕೊನೆಯ ಮೂರು ಮೈಲಿ ನಡೆದು ಹೋದೆವು. ಶಾಲೆಯ ಬಯಲಿನಲ್ಲಿ ಪಾದ ಮುಳುಗುವಷ್ಟು ಕೆಸರು. ಮಂಗಳೂರಿನಿಂದ ಬಂದ ಆಯ್ಕೆದಾರರು ಮೂವರು ಒಂದೇ ಕೊಡೆಯ ಅಡಿಯಲ್ಲಿ ಕುರ್ಚಿ ಹಾಕಿ ಕುಳಿತಿದ್ದರು. ಪಂದ್ಯ ಮುಗಿದ ಮೇಲೆ ನನ್ನನ್ನೂ ಗೆಳೆಯನನ್ನೂ ಕರೆದು, ಮೈಸೂರು ರಾಜ್ಯದ ಕಿರಿಯರ ತಂಡಕ್ಕೆ ಇಬ್ಬರ ಹೆಸರನ್ನೂ ಕಳಿಸುತ್ತೇವೆ ಎಂದರು. ಕೈಗೆ ಒಂದೊಂದು ಫಾರಂ ಕೊಟ್ಟರು.

ತಪ್ಪು ನಡೆದದ್ದು ಆ ಫಾರಂ ತುಂಬುವಾಗ. ‘ಸ್ವಂತ ಊರು’ ಎಂಬಲ್ಲಿ ನಾನು ತಾಯಿಯ ಮನೆಯ ಊರನ್ನು ಬರೆದೆ. ‘ರಕ್ಷಕರು’ ಎಂಬಲ್ಲಿ ಸೋದರಮಾವನ ಹೆಸರು. ಒಂದು ಕ್ಷಣವೂ ಯೋಚಿಸಲಿಲ್ಲ. ನಮ್ಮದು ಅಳಿಯಸಂತಾನ ಕಟ್ಟಿನ ಕುಟುಂಬ. ಮಕ್ಕಳು ತಾಯಿಯ ಮನೆಗೆ ಸೇರಿದವರು. ಮನೆಯ ಯಜಮಾನಿಕೆ ಸೋದರಮಾವನಿಂದ ಸೋದರಳಿಯನಿಗೆ ಹೋಗುತ್ತದೆ. ತಂದೆಯ ಮನೆಯಲ್ಲಿ ಹುಟ್ಟಿ, ತಂದೆಯ ಹೆಗಲ ಮೇಲೆ ಬೆಳೆದರೂ ನಿನ್ನ ಮನೆ ಯಾವುದೆಂದು ಕೇಳಿದರೆ ತಾಯಿಯ ಮನೆಯ ಹೆಸರನ್ನೇ ಹೇಳುವುದು. ನನ್ನನ್ನು ಶಾಲೆಗೆ ಸೇರಿಸಿದ ಕಾಗದಕ್ಕೂ ಹಾಸ್ಟೆಲಿಗೆ ಸೇರಿಸಿದ ಕಾಗದಕ್ಕೂ ರುಜು ಹಾಕಿದವರು ಮಾವನೇ. ಬೇರೆ ರೀತಿ ಬರೆಯಬಹುದೆಂದು ನನಗೆ ಹೊಳೆಯಲೇ ಇಲ್ಲ.

ಎರಡು ವಾರದಲ್ಲಿ ಫಾರಂ ಹಿಂದೆ ಬಂತು. ಜೊತೆಗಿದ್ದ ಕಾಗದದಲ್ಲಿ ಎರಡೇ ವಾಕ್ಯ: ಈ ಆಟಗಾರನ ಊರು ಕೇರಳ ರಾಜ್ಯದಲ್ಲಿದೆ, ಆದ್ದರಿಂದ ಪರಿಗಣಿಸಲಾಗದು. ತಪ್ಪಾಗಿದ್ದಲ್ಲಿ ಎಂಟು ದಿನದೊಳಗೆ ತಿದ್ದಿ ಕಳಿಸುವುದು.

ಅದೇ ವಾರ ಮಾವನಿಂದ ಅಂಚೆಯಲ್ಲಿ ಒಂದು ಲಕೋಟೆ ಬಂತು. ಒಳಗೆ ಕಾಸರಗೋಡಿನ ಫುಟ್‌ಬಾಲ್ ಸಂಘದಿಂದ ಅವರ ಮನೆಗೆ ಬಂದಿದ್ದ ಇಂಗ್ಲಿಷ್ ಪತ್ರ. ಹಿಂದಿನ ವರ್ಷ ನಾನು ಮಂಗಳೂರಿನಲ್ಲಿ ಆಡಿದ್ದನ್ನು ಯಾರೋ ನೋಡಿದ್ದರಂತೆ. ಹುಡುಗ ನಮ್ಮ ತಾಲೂಕಿನವನೆಂದು ತಿಳಿದು ಸಂತೋಷವಾಯಿತು, ಕೇರಳದ ಕಿರಿಯರ ತಂಡದ ಆಯ್ಕೆಗೆ ಬರಬೇಕು ಎಂದು ಬರೆದಿದ್ದರು. ಮಾವ ಅದರ ಜೊತೆಗೆ ತಮ್ಮ ಒಂದು ಸಾಲನ್ನೂ ಸೇರಿಸಿರಲಿಲ್ಲ.

ಎರಡು ಕಾಗದಗಳನ್ನೂ ಮಾಸ್ಟರರ ಮೇಜಿನ ಮೇಲಿಟ್ಟೆ. ಅವರು ಎರಡನ್ನೂ ಎರಡೆರಡು ಸಲ ಓದಿದರು.

“ಒಂದು ರಾಜ್ಯಕ್ಕೆ ಸಹಿ ಹಾಕಿದರೆ ಈ ವರ್ಷ ಇನ್ನೊಂದಕ್ಕೆ ಆಡ್ಲಿಕ್ಕೆ ಇಲ್ಲ. ಗೊತ್ತುಂಟಲ್ಲ?”

“ಗೊತ್ತುಂಟು ಮಾಸ್ಟ್ರೇ. ಸ್ವಂತ ಊರು ಪುತ್ತೂರು ಅಂತ ಬರೆದರೆ ಆಗುದಿಲ್ವಾ? ಆರು ವರ್ಷದಿಂದ ಇಲ್ಲೇ ಇದ್ದೇನೆ.”

“ಹಾಸ್ಟೆಲು ಊರಲ್ಲ ಮಾರಾಯ. ರಜೆಗೆ ನಾನು ಬೀಗ ಹಾಕುವ ಜಾಗ ನಿನ್ನ ಊರು ಹೇಗೆ ಆಗ್ತದೆ? ಅಜ್ಜಾವರ ಬರಿ. ರಕ್ಷಕರು ಅಂತ ಉಂಟಲ್ಲ, ಅಲ್ಲಿ ಅಪ್ಪನ ರುಜು ಹಾಕಿಸು. ಅಷ್ಟೇ.”

ಇಲ್ಲಿಯ ಮಾತು ಕಲಿತರೂ ಬಯಲುಸೀಮೆಯಿಂದ ಬಂದ ಅವರಿಗೆ ಅದು ಅಷ್ಟೇ. ನನಗೆ ಅಷ್ಟು ಸುಲಭವಾಗಿರಲಿಲ್ಲ. ತಾಯಿಯ ಮನೆಯ ಹೆಸರನ್ನು ಹೊಡೆದು ಹಾಕಿ, ಮಾವನ ಹೆಸರನ್ನು ಹೊಡೆದು ಹಾಕಿ, ನಾನು ಆ ಮನೆಯವನಲ್ಲ ಎಂದು ನನ್ನ ಕೈಯಿಂದಲೇ ಬರೆದುಕೊಟ್ಟ ಹಾಗಾಗುತ್ತಿತ್ತು. ಕುಟುಂಬದಿಂದ ಹೊರಗಾಗುವವರು ಮಾತ್ರ ಅಂಥದ್ದನ್ನು ಬರೆದುಕೊಡುತ್ತಿದ್ದರು.

ವಿಷಯ ತಿಳಿದ ಗೆಳೆಯ ಆ ಸಂಜೆ ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತಾ ಹೇಳಿದ:

“ನಿನಗೆ ಎರಡೆರಡು ರಾಜ್ಯ. ನನಗೆ ಒಂದು ಜೊತೆ ಬೂಟು ಇಲ್ಲ.”

“ತಮಾಷೆ ಬೇಡ.”

“ತಮಾಷೆ ಅಲ್ಲ ಮಾರಾಯ. ಕೇರಳಕ್ಕೆ ಹೋದರೆ ಎಂತ ಅಂತ ಕೂಗ್ತಿ? ನಿನಗೆ ಮಲಯಾಳದಲ್ಲಿ ಬರುದು ‘ವೆಳ್ಳಂ’ ಒಂದೇ. ಬಾಲು ಬೇಕು ಅಂತ ಕೂಗಿದರೆ ನೀರು ತಂದು ಕೊಡುವರು.”

ನಕ್ಕೆ. ಆದರೆ ಆ ಮಾತು ತಲೆಯಲ್ಲಿ ಉಳಿಯಿತು.

ಶನಿವಾರ ಮಾಸ್ಟರರ ಅನುಮತಿ ಪಡೆದು ಸುಳ್ಯದ ಬಸ್ಸು ಹಿಡಿದೆ. ಪಯಸ್ವಿನಿಯನ್ನು ದೋಣಿಯಲ್ಲಿ ದಾಟಿ ಅಜ್ಜಾವರ ಸೇರುವಾಗ ತಂದೆ ಅಂಗಳದಲ್ಲಿ ನೇಗಿಲಿಗೆ ಹಿಡಿ ಕೂರಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೆಲಸ ನಿಲ್ಲಿಸದೆ ಕೇಳಿದರು. ಮನೆಯಲ್ಲಿ ನಮ್ಮ ಮಾತು ತುಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನನ್ನಲ್ಲಿ ಕೇಳುದಾ? ಭಾವನವರಲ್ಲಿ ಕೇಳು. ನೀನು ಅವರ ಮನೆಯವನು,” ಎಂದರು. ಬೇಸರದಿಂದ ಹೇಳಿದ ಮಾತಲ್ಲ. ಕಟ್ಟು ಇದ್ದದ್ದೇ ಹಾಗೆ.

ತಾಯಿ ಒಳಗಿನಿಂದಲೇ ಹೇಳಿದರು: “ನಾಳೆ ಬೆಳಿಗ್ಗೆ ಬೇಗ ಹೋಗು. ಅಣ್ಣ ಕಾಫಿ ಕುಡಿದ ಮೇಲೆ ಮಾತಾಡು. ಮೊದಲು ಬೇಡ.”

ಮಾವನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಕಾಸರಗೋಡು ಮೈಸೂರಿಗೇ ಸೇರಬೇಕೆಂದು ಅರ್ಜಿ ಬರೆದವರಲ್ಲಿ ಅವರೂ ಒಬ್ಬರು. ಊರೂರು ತಿರುಗಿ ರುಜು ಹಾಕಿಸಿದ್ದರು. ಕೇರಳಕ್ಕೆ ಸೇರಿ ನಾಲ್ಕು ವರ್ಷವಾದರೂ ತಮ್ಮ ಕಾಗದಗಳ ಮೇಲೆ ‘ದಕ್ಷಿಣ ಕನ್ನಡ ಜಿಲ್ಲೆ’ ಎಂದೇ ವಿಳಾಸ ಬರೆಯುತ್ತಿದ್ದರು. ಅದರಿಂದಾಗಿ ಅವರಿಗೆ ಬರುವ ಅಂಚೆ ಮಂಗಳೂರಿಗೆ ಹೋಗಿ ಎರಡು ದಿನ ತಡವಾಗಿ ಬರುತ್ತಿತ್ತು. ತಡವಾದರೂ ಸರಿಯಾದ ದಾರಿಯಲ್ಲಿ ಬರಲಿ ಎನ್ನುತ್ತಿದ್ದರು. ಇಂಥವರ ಅಳಿಯ ಕೇರಳದ ತಂಡದಲ್ಲಿ ಆಡಿದರೆ ಅರ್ಜಿಗೆ ರುಜು ಹಾಕಿದವರೆಲ್ಲ ಏನು ಹೇಳಿಯಾರು? ಮೈಸೂರಿಗೆ ಆಡಬೇಕಾದರೆ ಅದೇ ಅಳಿಯ ಅವರ ಮನೆಯನ್ನು ಬಿಟ್ಟುಕೊಡಬೇಕು.

ಭಾನುವಾರ ಎಂಟು ಗಂಟೆಗೆ ಹೋಗಿ ಮುಟ್ಟಿದೆ. ಅವರು ಕಾಫಿ ಕುಡಿದು ಲೋಟ ಕೆಳಗಿಡುವವರೆಗೆ ಕಾದು, ಎರಡು ಕಾಗದಗಳನ್ನೂ ಮುಂದಿಟ್ಟೆ. ಮೈಸೂರಿನವರ ಪತ್ರವನ್ನು ಅವರು ಬೆಳಕಿಗೆ ಹಿಡಿದು ಓದಿದರು.

“ಕೇರಳದವರು ಮರ್ಯಾದೆಯಲ್ಲಿ ಕರೆದಿದ್ದಾರೆ. ನಮ್ಮವರೇ ನೀನು ಯಾರು ಅಂತ ಕೇಳುದು,” ಎಂದರು. ಪತ್ರವನ್ನು ಮಡಚಿಟ್ಟರು. “ನಾನು ಇಲ್ಲಿಂದ ಬೆಂಗಳೂರಿಗೆ ಅರ್ಜಿ ಕಳಿಸುದು, ನಾವು ನಿಮ್ಮವರು ಅಂತ. ಅವರು ಅಲ್ಲಿಂದ ನನಗೆ ಕಾಗದ ಹಾಕುದು, ನೀವು ನಮ್ಮವರಲ್ಲ ಅಂತ. ಲಾಯ್ಕುಂಟು.”

“ಮಾವ, ನಾನು ಎಂತ ಮಾಡ್ಲಿ?”

“ಬಾಲು ಒದೆಯುದು ನಾನಾ, ನೀನಾ?”

“ನಾನೇ.”

“ಹಾಗಾದರೆ ನೀನೇ ಯೋಚನೆ ಮಾಡು. ಒಂದು ಮಾತು ಕೇಳಿಕೊ. ಕೇರಳದ ತಂಡದ ಕಾಗದಕ್ಕೆ ನನ್ನ ರುಜು ಇಲ್ಲ. ಈ ಮನೆಯ ಹೆಸರನ್ನು ಹೊಡೆದು ಹಾಕಿದ ಕಾಗದಕ್ಕೂ ನನ್ನ ಒಪ್ಪಿಗೆ ಇಲ್ಲ.”

“ಎರಡೂ ಇಲ್ಲ ಅಂದ್ರೆ ಆಡುವ ಹಾಗೆಯೇ ಇಲ್ಲ ಅಲ್ವಾ?”

“ಅದನ್ನು ನಾನು ಹೇಳ್ಲಿಲ್ಲ,” ಎಂದು ಎದ್ದು ದನದ ಹಟ್ಟಿಯ ಕಡೆಗೆ ಹೋದರು. ಅವರ ಬೆನ್ನು ನೋಡುತ್ತಾ ನಿಂತೆ. ಊಟಕ್ಕೆ ನಿಲ್ಲೆಂದು ಅವರು ಹೇಳಲಿಲ್ಲ. ಆ ಮನೆಯಲ್ಲಿ ಹಾಗಾದದ್ದು ಅದೇ ಮೊದಲು.

ವಾಪಸು ಗುಡ್ಡ ಹತ್ತುವಾಗ ಯೋಚಿಸಿದೆ. ನನ್ನ ಯೋಚನೆಗಳು ಯಾವಾಗಲೂ ದಿನಚರಿಯ ಹಾಗೆಯೇ ಸಾಗುವುದು. ಒಂದನ್ನು ಮುಗಿಸಿ ಇನ್ನೊಂದಕ್ಕೆ. ಮೊದಲು ಕೇರಳ. ಕರೆದವರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. ಆದರೆ ಅಲ್ಲಿಯ ಹತ್ತು ಮಂದಿ ಹೇಗೆ ಆಡುತ್ತಾರೋ, ಹೇಗೆ ಕೂಗುತ್ತಾರೋ ನನಗೆ ಗೊತ್ತಿಲ್ಲ. ಬ್ಯಾಕ್ ಆಡುವವನು ಚೆಂಡಿಗಿಂತ ಹೆಚ್ಚು ಕೂಗನ್ನು ನಂಬುತ್ತಾನೆ. ಬೆನ್ನ ಹಿಂದೆ ಯಾರಿದ್ದಾರೆಂದು ಗೋಲ್‌ಕೀಪರ್ ಕೂಗಿ ಹೇಳಬೇಕು, ನಾನು ತಿರುಗದೆ ತಿಳಿಯಬೇಕು. ಆರು ವರ್ಷ ನಾನು ಆ ಕೂಗನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ ಕೇಳಿದ್ದೆ. ಓದಿದ್ದು ಕನ್ನಡದಲ್ಲಿ. ಎದ್ದದ್ದು, ಉಂಡದ್ದು, ಬಿದ್ದು ಮೊಣಕಾಲು ತರಚಿಕೊಂಡದ್ದು ಎಲ್ಲವೂ ಪುತ್ತೂರಿನಲ್ಲಿ. ಆಡುವುದಾದರೆ ಮೈಸೂರಿಗೇ ಆಡಬೇಕು. ಅದರಲ್ಲಿ ಸಂಶಯ ಉಳಿಯಲಿಲ್ಲ.

ಆಮೇಲೆ ಮನೆ. ಫಾರಂ ತಿದ್ದಿದರೆ ಮಾವ ನನ್ನನ್ನು ಹೊರಗಿಡಬಹುದು. ಯಜಮಾನರಾಗಿ ಅವರಿಗೆ ಆ ಅಧಿಕಾರವಿತ್ತು. ಕಾನೂನು ಬದಲಾಗುತ್ತಿದ್ದ ಕಾಲ, ನಿಜ. ಆದರೆ ಆ ಮನೆಯ ಚಾವಡಿಯಲ್ಲಿ ಕೂರುವ ಜಾಗವನ್ನು ಕಾನೂನು ಕೊಡುವುದಿಲ್ಲ. ಈ ಲೆಕ್ಕ ಮಾತ್ರ ಎಷ್ಟು ಯೋಚಿಸಿದರೂ ಕೂಡಿಬರಲಿಲ್ಲ. ಅಪಾಯವನ್ನು ಗೊತ್ತಿದ್ದೇ ಹೊತ್ತುಕೊಂಡೆ.

ಅಜ್ಜಾವರಕ್ಕೆ ಬಂದು ಫಾರಮನ್ನು ತಂದೆಯ ಮುಂದಿಟ್ಟೆ. ಊರು ಎಂಬಲ್ಲಿ ಇದ್ದದ್ದಕ್ಕೆ ಗೆರೆ ಎಳೆದು ‘ಅಜ್ಜಾವರ’ ಎಂದು ಬರೆದಾಗಿತ್ತು.

“ಇಲ್ಲಿ ನಿಮ್ಮ ರುಜು ಬೇಕು.”

“ನಾನಾ?”

“ರಕ್ಷಕರು ಅಂತ ಉಂಟಲ್ಲ. ನೀವೇ.”

“ಭಾವನವರು ಎಂತ ಹೇಳಿದರು?”

“ಒಪ್ಪಿಗೆ ಇಲ್ಲ ಅಂದರು.”

ತಂದೆ ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. ಮತ್ತೆ ಒಳಗೆ ಹೋಗಿ, ಕೈ ತೊಳೆದು, ಪೇಟೆಗೆ ಹೋಗುವಾಗ ಹಾಕುವ ಅಂಗಿಯನ್ನು ಹಾಕಿಕೊಂಡು ಬಂದರು. ಮಣೆಯ ಮೇಲೆ ಕುಳಿತು ನಿಧಾನವಾಗಿ ರುಜು ಮಾಡಿದರು. ಮಗನ ಕಾಗದದಲ್ಲಿ ಅವರ ಹೆಸರು ಬಂದದ್ದು ಅದೇ ಮೊದಲು. ಶಾಯಿ ಆರಲಿ ಎಂದು ಬಾಯಿಯಿಂದ ಊದಿ, ಇನ್ನೊಮ್ಮೆ ಓದಿ ಕೊಟ್ಟರು.

ರಾಜ್ಯ ತಂಡಗಳ ಪಂದ್ಯಾವಳಿಯ ಕಥೆಯನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ, ಅದು ಚಿಕ್ಕದು. ತಿದ್ದಿದ ಫಾರಂ ಆರನೆಯ ದಿನ ತಲುಪಿತು. ಹೆಸರು ಒಪ್ಪಿತವಾಯಿತು. ದೀಪಾವಳಿಯ ನಂತರ ರೈಲಿನಲ್ಲಿ ಎರಡು ದಿನ ಪ್ರಯಾಣ ಮಾಡಿ ಹೋದೆವು. ಮೂರು ಪಂದ್ಯ ಆಡಿದೆ. ಎರಡು ಗೆದ್ದೆವು, ಮೂರನೆಯದನ್ನು ಸೋತೆವು. ಸೋಲಿಸಿದ ಎರಡು ಗೋಲುಗಳಲ್ಲಿ ಒಂದು ನನ್ನ ಎಡಬದಿಯಿಂದಲೇ ನುಗ್ಗಿತು. ಅದನ್ನು ಮುಚ್ಚಿಡುವುದಿಲ್ಲ. ಕೇರಳದವರು ಬೇರೆ ಗುಂಪಿನಲ್ಲಿದ್ದರು. ಅವರಿಗೂ ನಮಗೂ ಪಂದ್ಯವೇ ನಡೆಯಲಿಲ್ಲ. ಗೆಳೆಯನಿಗೆ ಅಲ್ಲಿ ಬೂಟು ಸಿಕ್ಕಿತು, ಅದನ್ನು ಹಾಕಿದ ಮೇಲೆ ಅವನು ಒಂದು ಗೋಲನ್ನೂ ಹೊಡೆಯಲಿಲ್ಲ.

ನನಗೆ ಹೆಚ್ಚು ಹೆದರಿಕೆಯಾದದ್ದು ಆ ಮೈದಾನಗಳಲ್ಲಲ್ಲ. ಅದಕ್ಕೆ ಮೊದಲು, ಅಕ್ಟೋಬರಿನಲ್ಲಿ.

ಮೊದಲ ಬೆಳೆಯ ಕೊಯ್ಲಾದ ಮೇಲೆ ಹೊಸ ಅಕ್ಕಿಯ ಊಟವಿರುತ್ತದೆ. ನಾವು ಪುದ್ದರ್ ಎನ್ನುತ್ತೇವೆ. ಕುಟುಂಬದವರು ಎಲ್ಲಿದ್ದರೂ ಆ ದಿನ ತಾಯಿಯ ಮನೆಗೆ ಬರಬೇಕು. ಕುಟುಂಬದವರಿಗೆ ಚಾವಡಿಯ ಒಳಗೆ ಪ್ರಾಯದ ಪ್ರಕಾರ ಸಾಲು. ಮದುವೆಯಿಂದ ಸಂಬಂಧಿಕರಾದವರಿಗೆ, ಅಂದರೆ ನನ್ನ ತಂದೆಯಂಥವರಿಗೆ, ಹೊರಗೆ ಜಗಲಿಯಲ್ಲಿ. ಬಡಿಸಿದ ಕೂಡಲೇ ಉಣ್ಣುವಂತಿಲ್ಲ. ಸಾಲಿನಲ್ಲಿ ಕುಳಿತ ಪ್ರತಿಯೊಬ್ಬನೂ ಹಿರಿಯರ ಕಡೆ ತಿರುಗಿ, “ಹೊಸತು ಉಣ್ಣುತ್ತೇನೆ” ಎಂದು ಕೇಳಬೇಕು. ಹಿರಿಯರು “ಉಣ್ಣು” ಎನ್ನಬೇಕು. ಆಮೇಲೆಯೇ ಮೊದಲ ತುತ್ತು.

ಫಾರಂ ಕಳಿಸಿದ ಮೇಲೆ ಮಾವನಿಂದ ನನಗೆ ಒಂದು ಕಾಗದವೂ ಬಂದಿರಲಿಲ್ಲ. ತಾಯಿ ಮಾತ್ರ ಹೇಳಿ ಕಳಿಸಿದ್ದರು: “ಪುದ್ದರಿಗೆ ಬಾ. ಬಾರದೆ ಇದ್ದರೆ ನೀನೇ ಬಿಟ್ಟ ಹಾಗೆ ಆಗ್ತದೆ. ಬಂದ ಮೇಲೆ ಎಲೆ ಹಾಕದಿದ್ದರೆ ಆಗ ನೋಡುವ.”

ಮಾಸ್ಟರರು ಭಾನುವಾರ ಒಂದು ದಿನದ ರಜೆ ಕೊಟ್ಟರು. ಸಂಜೆ ಏಳರ ಓದಿನ ಗಂಟೆಗೆ ಹಾಜರಿರಬೇಕೆಂದರು. ಬೆಳಗಿನ ಮೊದಲ ಬಸ್ಸಿಗೆ ಹೊರಟವನು ನಾನು ಆ ಮನೆಯ ಮೆಟ್ಟಿಲಲ್ಲಿ ಕಾಲು ತೊಳೆಯುವಾಗ ಹೊತ್ತು ಹನ್ನೊಂದೂವರೆ. ಒಳಗೆ ಎಲೆ ಹಾಕಿಯಾಗಿತ್ತು. ಬಾಗಿಲ ಹೊರಗಿನಿಂದಲೇ ಎಣಿಸಿದೆ. ಎಲೆ ಎಂಟು, ಕುಳಿತವರು ಏಳು ಮಂದಿ. ಖಾಲಿ ಎಲೆ ದೊಡ್ಡಮ್ಮನ ಇಬ್ಬರು ಮಕ್ಕಳ ನಡುವೆ ಇತ್ತು. ನಾನು ಪ್ರತಿ ವರ್ಷ ಕೂರುವ ಜಾಗ ಅದೇ. ಆದರೂ ಅದು ನನಗೆಂದು ಹೇಗೆ ತಿಳಿಯುವುದು? ಜಗಲಿಯಲ್ಲಿ ತಂದೆಯ ಪಕ್ಕದಲ್ಲಿಯೂ ಒಂದು ಎಲೆ ಖಾಲಿ ಇತ್ತು. ನಾನು ಎರಡರ ನಡುವಿನ ಹೊಸ್ತಿಲಿನ ಬಳಿ ನಿಂತುಬಿಟ್ಟೆ. ತಾಯಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತದ್ದು ಕಂಡಿತು.

ಮಾವ ಸಾಲಿನ ತುದಿಯಿಂದ ನೋಡಿದರು.

“ಎಂತ ನಿಂತದ್ದು? ಮೈಸೂರಿನವರಿಗೆ ಬೇರೆ ಎಲೆ ಹಾಕಬೇಕಾ?”

ಯಾರೋ ಕಿಸಕ್ಕೆಂದರು. ನಾನು ಹೋಗಿ ನನ್ನ ಜಾಗದಲ್ಲಿ ಕುಳಿತೆ. ಅನ್ನ ಬಡಿಸಿದರು. ಒಬ್ಬೊಬ್ಬರಾಗಿ ಕೇಳಿದರು, ಮಾವ ಒಬ್ಬೊಬ್ಬರಿಗೂ “ಉಣ್ಣು” ಎಂದರು. ನನ್ನ ಸರದಿ ಬಂತು.

“ಹೊಸತು ಉಣ್ಣುತ್ತೇನೆ ಮಾವ.”

ಅವರು ನನ್ನ ಕಡೆ ತಿರುಗಿದರು.

“ಕಾಗದದಲ್ಲಿ ಊರು ಯಾವುದು ಅಂತ ಬರೆದಿ?”

“ಅಜ್ಜಾವರ ಅಂತ.”

“ರುಜು?”

“ಅಪ್ಪನದ್ದು.”

ಮಾವ ಕತ್ತು ಚಾಚಿ ಜಗಲಿಯ ಕಡೆ ನೋಡಿದರು. “ಕೇಳಿದ್ರಾ ಭಾವ? ಈ ವರ್ಷ ಹುಡುಗ ನಿಮ್ಮವನಂತೆ. ನೀವೇ ಸಾಕಿ ದೊಡ್ಡ ಮಾಡಿದ ಮೇಲೆ ಸರಕಾರದವರು ನಿಮಗೆ ಬರೆದು ಕೊಟ್ಟಿದ್ದಾರೆ.”

ತಂದೆ ಆ ಮನೆಯಲ್ಲಿ ಹೆಚ್ಚು ಮಾತಾಡುತ್ತಿದ್ದವರಲ್ಲ. ಆ ದಿನ ತಲೆ ಎತ್ತಿ ಹೇಳಿದರು:

“ಆಟಕ್ಕೆ ಮಾತ್ರ ಭಾವ. ಊಟಕ್ಕೆ ನಿಮ್ಮವನೇ. ಅವನು ಉಣ್ಣುದು ನೋಡಿದ್ದೀರಲ್ಲ, ನನ್ನ ಗದ್ದೆಯಲ್ಲಿ ಅಷ್ಟು ಬೆಳೆಯುದಿಲ್ಲ.”

ಚಾವಡಿಯೂ ಜಗಲಿಯೂ ಒಟ್ಟಿಗೆ ನಕ್ಕವು. ಮಾವನೂ ನಕ್ಕರು, ನಗುತ್ತಲೇ ಕೈಯಿಂದ ನನ್ನ ಎಲೆಯನ್ನು ತೋರಿಸಿದರು.

“ಉಣ್ಣು. ಬೇಗ ಉಣ್ಣು, ನಿನಗೆ ಬಸ್ಸುಂಟು.”

ಮೂರು ಸಲ ಬಡಿಸಿಕೊಂಡೆ. ಐದರ ಬಸ್ಸು ಸಿಕ್ಕಿತು.